ಸಿಪ್ಪೆ ಇರುವುದನ್ನು ಎಸೆಯಬಹುದು

ನಮ್ಮ ಮನೆಯಲ್ಲಿ ಯಾವ ಸಾಮಾನೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮರ್ಯಾದೆಯಾಗಿ ಹೋದದ್ದು ನನಗೆ ನೆನಪಿಲ್ಲ. ಎಲ್ಲವೂ ಹಾರಿಕೊಂಡೇ ಹೋಗುತ್ತಿತ್ತು. ಈರುಳ್ಳಿ, ನಿಂಬೆಹಣ್ಣು, ಬೆಳ್ಳುಳ್ಳಿ ಗಡ್ಡೆ, ತೆಂಗಿನಕಾಯಿ, ಬಚ್ಚಲಿಗೆ ಹೋದವರು ಮರೆತ ಸೋಪು. ಅಪ್ಪ ಬೀದಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ‘ತಗೋ ಮಗ’ ಅನ್ನುತ್ತಿದ್ದ. ನಾನು ನಡುಮನೆಯಲ್ಲಿ ಬರೆಯುತ್ತಿದ್ದರೂ ಸರಿ, ತಲೆ ಬಾಚಿಕೊಳ್ಳುತ್ತಿದ್ದರೂ ಸರಿ, ಎರಡು ಕೈ ಎತ್ತಬೇಕು. ಹಿಡಿದರೆ ತೆಂಗಿನಕಾಯಿ, ಬಿಟ್ಟರೆ ಅವ್ವನ ಬೈಗುಳ. ಅಪ್ಪ, ಅವ್ವ, ನಾನು, ಮೂರೇ ಜನರ ಮನೆ ನಮ್ಮದು; ಮದ್ದೂರಿನಲ್ಲಿ, ವೈದ್ಯನಾಥಪುರಕ್ಕೆ ಹೋಗುವ ದಾರಿಯಿಂದ ಎಡಕ್ಕೆ ತಿರುಗಿದರೆ ಸಿಗುವ ಬೀದಿಯಲ್ಲಿ. ಬೇರೆ ಮಕ್ಕಳು ಅ ಆ ಇ ಈ ತಿದ್ದುವ ವಯಸ್ಸಿಗೆ ನಾನು ಬಂದದ್ದನ್ನು ಹಿಡಿಯುವುದು ಕಲಿತಿದ್ದೆ. ಮುಂದೆ ಇಪ್ಪತ್ತು ವರ್ಷ ಫುಟ್‌ಬಾಲ್ ಗೋಲ್‌ಕೀಪರ್ ಆಗಿ ಅದರಿಂದಲೇ ಅನ್ನ ತಿಂದೆ. ನಿಮ್ಮ ಮೊದಲ ಕೋಚ್ ಯಾರು ಎಂದು ಪೇಪರಿನವರು ಕೇಳಿದಾಗಲೆಲ್ಲ, ಲಾರಿಗೆ ಎಳನೀರು ಲೋಡು ಮಾಡುತ್ತಿದ್ದವನು ಎಂದು ಹೇಳುತ್ತಿದ್ದೆ. ಅವರು ನಗುತ್ತಿದ್ದರು, ಬರೆದುಕೊಳ್ಳುತ್ತಿರಲಿಲ್ಲ.

ಅಪ್ಪ ಎಳನೀರು ಮಾರುಕಟ್ಟೆಯ ಲೋಡಿಂಗ್ ಸಾಲಿನಲ್ಲಿದ್ದ. ಕೆಳಗೆ ರಾಶಿಯ ಪಕ್ಕ ಒಬ್ಬ, ಲಾರಿಯ ಹಿಂಬದಿಯಲ್ಲಿ ನಿಂತವನೊಬ್ಬ, ಒಳಗೆ ಜೋಡಿಸುವವನೊಬ್ಬ. ಕೆಳಗಿನವನು ಎರಡೆರಡು ಕಾಯಿ ಒಟ್ಟಿಗೆ ತೂರುತ್ತಾನೆ. ಮೇಲಿನವನು ಎರಡನ್ನೂ ಹಿಡಿದು, ಸೊಂಟ ತಿರುಗಿಸಿ, ಒಳಗಿನವನಿಗೆ ದಾಟಿಸುತ್ತಾನೆ. ಅಪ್ಪನದು ಆ ನಡುವಿನ ಜಾಗ. ಅಲ್ಲಿ ನಿಲ್ಲುವುದು ಎಲ್ಲರ ಕೈಲೂ ಆಗುವುದಿಲ್ಲ. ಕಾಯಿ ತಪ್ಪಿದರೆ ನೆಲಕ್ಕೆ ಬಿದ್ದು ಒಡೆಯುತ್ತದೆ, ನೆಲಕ್ಕೆ ಬೀಳದಿದ್ದರೆ ಕೆಳಗಿನವನ ತಲೆಗೆ ಬೀಳುತ್ತದೆ. ಎಣಿಸಿ ಕೂಗುವುದೂ ನಡುವಿನವನ ಕೆಲಸವೇ. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೆಯ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಅಪ್ಪನೂ ಮೊದಲ ಜೋಡಿ ಕೈಗೆ ಬಿದ್ದ ಕೂಡಲೇ ‘ಲಾಭ’ ಎಂದು ಕೂಗುತ್ತಿದ್ದ. ಆ ಕೂಗು ರಸ್ತೆಯ ಆಚೆ ಬದಿಗೂ ಕೇಳುತ್ತಿತ್ತು. ಮನೆಗೆ ಬಂದ ಮೇಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ, ಅದಕ್ಕೇ ನಮ್ಮ ಮನೆಯಲ್ಲಿ ಎಲ್ಲ ಹಾರುತ್ತಿದ್ದದ್ದು. ನಾನು ಮೊದಮೊದಲು ಈರುಳ್ಳಿಯನ್ನು ನೊಣ ಹಿಡಿಯುವಂತೆ ಬಾಚಿ ಹಿಡಿಯಲು ಹೋಗಿ ಬೆರಳು ಉಳುಕಿಸಿಕೊಂಡಾಗ ಅವನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

“ಇಡೀಬ್ಯಾಡ ಮಗ, ಈಸ್ಕೊ. ಬತ್ತಾ ಇರೋದ್ಕೆ ಎದ್ರುಗೋಗಿ ಗುದ್ದುದ್ರೆ ಅದೂ ಗುದ್ತದೆ. ಅದ್ರ ಜೊತೇಲೇ ಒಂದ್ ಗೇಣು ಇಂದಕ್ ಬಾ. ಆಮ್ಯಾಕೆ ಅದು ನಿಂದು.”

ಎಷ್ಟೋ ವರ್ಷದ ಮೇಲೆ ಒಂದು ಶಿಬಿರದಲ್ಲಿ, ದೊಡ್ಡ ಸರ್ಟಿಫಿಕೇಟಿನ ಕೋಚ್ ಒಬ್ಬರು, ಹಿಡಿಯಬೇಡ, ಪಡೆದುಕೊ ಎನ್ನುವ ಇದೇ ಮಾತನ್ನು ಇಂಗ್ಲಿಷಿನಲ್ಲಿ, ಬಿಳಿ ಹಲಗೆಯ ಮೇಲೆ ಬಾಣದ ಗುರುತು ಹಾಕಿ, ಇಡೀ ಒಂದು ದಿನ ಪಾಠ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದೆ. ಬೈಸಿಕೊಂಡೆ ಕೂಡ.

ಈ ಎಸೆದಾಟ ಅವ್ವನಿಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. ಅವ್ವ ಜೀವಮಾನದಲ್ಲಿ ಒಂದು ವಸ್ತುವನ್ನೂ ಎಸೆದವಳಲ್ಲ. ಯಾರಿಗೆ ಏನು ಕೊಡಬೇಕಾದರೂ ಎದ್ದು, ನಡೆದು ಹೋಗಿ, ಬಲಗೈಯಲ್ಲಿ ಕೊಡುತ್ತಿದ್ದಳು. ಉಪ್ಪನ್ನು ಮಾತ್ರ ಕೈಗೆ ಕೊಡದೆ ಕೆಳಗೆ ಇಡುತ್ತಿದ್ದಳು, ಕೈಗೆ ಕೊಟ್ಟರೆ ಜಗಳ ಆಗುತ್ತದಂತೆ. ಜಗಳ ಹಾಗೂ ಆಗುತ್ತಿತ್ತು, ಅದಕ್ಕೆ ಉಪ್ಪೇ ಬೇಕಾಗಿರಲಿಲ್ಲ. ಒಂದು ಸಲ ಅಪ್ಪ ಸಂತೆಯಿಂದ ತಂದ ಅಚ್ಚುಬೆಲ್ಲವನ್ನು ಬಾಗಿಲಿಂದಲೇ ನನ್ನ ಕಡೆ ತೂರಿದ; ನಾನು ಬಿಟ್ಟೆ; ಅದು ಒಲೆಯ ಕಟ್ಟೆಗೆ ಬಡಿದು ಮೂರು ಚೂರಾಯಿತು. ಅವ್ವ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಅನ್ನದ ವಸ್ತು ಎಸೆದ ಮನೆಯಲ್ಲಿ ಲಕ್ಷ್ಮಿ ಒಂದು ಗಳಿಗೆ ನಿಲ್ಲುವುದಿಲ್ಲ ಅನ್ನುವುದು ಅವಳ ವಾದ. ಮೂರನೆಯ ದಿನ ಮುದ್ದೆಯ ಮುಂದೆ ಕೂತು ಇಬ್ಬರೂ ಒಂದು ರಾಜಿಗೆ ಬಂದರು.

“ಸಿಪ್ಪೆ ಇರೋದ್ನ ಎಸ್ಕೊಳಿ. ಸಿಪ್ಪೆ ಇಲ್ದೇ ಇರೋದ್ನ ನಮ್ಮಟ್ಟೀಲಿ ಯಾರೂ ಎಸೆಯಂಗಿಲ್ಲ. ಅಷ್ಟೇಯ.”

“ಸೋಪು?”

“ಸೋಪ್‌ಗೆ ಕಾಗ್ದ ಇದ್ರೆ ಎಸಿ. ಕಾಗ್ದ ಬಿಚ್ಚುದ್ಮೇಲೆ ತಂದ್ಕೊಡು.”

ಇದು ನಮ್ಮ ಮನೆಯ ಕಾನೂನಾಯಿತು. ಬಾಳೆಹಣ್ಣು ಎಸೆಯಬಹುದು, ಬೆಲ್ಲ ಎಸೆಯುವಂತಿಲ್ಲ. ಅವರೆಕಾಯಿ ಎಸೆಯಬಹುದು, ಅವರೆಕಾಳು ಎಸೆಯುವಂತಿಲ್ಲ. ನಾಡಹೆಂಚಿನ ಮನೆ, ಬೀದಿ ಬಾಗಿಲು, ನಡುಮನೆ, ಅಡುಗೆಮನೆ, ಹಿತ್ತಿಲ ಬಾಗಿಲು ಒಂದೇ ಸಾಲಿಗೆ ಇದ್ದವು. ಬೀದಿಯಲ್ಲಿ ನಿಂತವನಿಗೆ ಹಿತ್ತಿಲ ನಂದಿಬಟ್ಟಲು ಗಿಡ ಕಾಣುತ್ತಿತ್ತು. ಸಂಜೆ ಅವ್ವ ಒಲೆಯ ಮುಂದೆ ಉಪ್ಸಾರಿಗೆ ಸೊಪ್ಪು ಬೇಯಿಸುತ್ತಿದ್ದರೆ, ಅವಳ ತಲೆಯ ಮೇಲಿಂದ ಹಿತ್ತಿಲಿಗೂ ನಡುಮನೆಗೂ ಈರುಳ್ಳಿ ಓಡಾಡುತ್ತಿತ್ತು. ಅವಳು ತಲೆ ಎತ್ತದೆ, ‘ಸಾರ್‌ಗೆ ಬೀಳುಸ್ರಿ, ಇಬ್ರಿಗೂ ಮುದ್ದೆ ಇಕ್ಕಾಕಿಲ್ಲ’ ಅನ್ನುತ್ತಿದ್ದಳು. ಒಂದು ದಿನವೂ ಬೀಳಿಸಲಿಲ್ಲ. ಆ ಮುದ್ದೆಯ ಹಬೆ, ಆ ಖಾರ, ಅಪ್ಪನ ಅಂಗಿಯಿಂದ ಬರುತ್ತಿದ್ದ ಹಸಿ ಕಾಯಿಯ ವಾಸನೆ. ಇದನ್ನು ಬರೆಯುತ್ತಾ ಕೂತರೆ ನನಗೆ ಹಸಿವಾಗುತ್ತದೆ, ಎದ್ದು ಹೋಗಿ ಏನು ತಿಂದರೂ ಆ ಹಸಿವು ಹೋಗುವುದಿಲ್ಲ.

ಹೈಸ್ಕೂಲಿಗೆ ಸ್ಟೆಲ್ಲಾ ಮಿಸ್ಸು ಡ್ರಿಲ್ ಟೀಚರಾಗಿ ಬಂದರು. ಕೋಲಾರದ ಚಿನ್ನದ ಗಣಿಯ ಕಡೆಯವರು. ಅವರ ಊರಿನಲ್ಲಿ ಫುಟ್‌ಬಾಲ್ ಎಂದರೆ ಊಟಕ್ಕಿಂತ ಹೆಚ್ಚಂತೆ. ನಮಗೆ ಖೋಖೋ ಗೊತ್ತು, ಕಬಡ್ಡಿ ಗೊತ್ತು. ಹುಡುಗಿಯರು ಚೆಂಡನ್ನು ಕಾಲಲ್ಲಿ ಒದೆಯುವುದು ಎಂದರೆ ನಗು. ಮಿಸ್ಸು ನಗುವುದಕ್ಕೆ ಬಿಡಲಿಲ್ಲ. ಹನ್ನೊಂದು ಜನರನ್ನು ಹೇಗೋ ಹೊಂದಿಸಿದರು. ಗೋಲಿನಲ್ಲಿ ನಿಲ್ಲುವುದಕ್ಕೆ ಯಾರೂ ಒಪ್ಪಲಿಲ್ಲ. ಚೆಂಡು ಮುಖಕ್ಕೆ ಬಂದರೆ ಮದುವೆ ಆಗುವುದಿಲ್ಲ ಎಂದು ಒಬ್ಬಳು ಅತ್ತಳು. ನನ್ನನ್ನು ನಿಲ್ಲಿಸಿ ಮಿಸ್ಸು ತಾವೇ ಹತ್ತು ಸಲ ಒದ್ದರು. ಹತ್ತೂ ನನ್ನ ಎದೆಗೆ ಬಂದು ಸುಮ್ಮನೆ ಕೂತವು. ಮೊದಲನೆಯದಕ್ಕೆ ನನ್ನ ಬಾಯಲ್ಲಿ ‘ಲಾಭ’ ಅನ್ನುವ ಮಾತು ತಾನಾಗಿ ಬಂತು. ಮಿಸ್ಸು ಚೆಂಡು ಬಿಟ್ಟು ನನ್ನ ಅಂಗೈ ತಿರುಗಿಸಿ ನೋಡಿದರು. ಮನೆಗೆ ಬಂದು ಹೇಳಿದಾಗ ಅವ್ವ ಹೆಣ್ಣುಮಗಳಿಗೆ ಚೆಂಡು ಯಾಕೆ ಎಂದಳು. ಅಪ್ಪ ಕಾನೂನು ಎತ್ತಿದ.

“ಅದ್ಕೂ ಸಿಪ್ಪೆ ಅದೆ ಕಣೇ, ತೊಗಲಿಂದು. ನೀನೇ ಯೋಳಿರೋದು.”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನಾನು ನೋಡಿದೆ. ಅಲ್ಲಿಗೆ ಅಪ್ಪಣೆ ಸಿಕ್ಕ ಹಾಗೆಯೇ.

ಆ ವರ್ಷವೇ ಅಪ್ಪನ ಕಣ್ಣಿಗೆ ಏಟಾಯಿತು. ಲಾರಿಯೊಳಗೆ ಕಾಯಿಯ ಕೆಳಗೆ ಹಾಸುವ ಒಣಗರಿಯನ್ನು ಯಾರೋ ಎಳೆದಾಗ ಅದರ ಕಡ್ಡಿ ಸಿಡಿದು ಬಲಗಣ್ಣಿಗೆ ಹೊಡೆಯಿತು. ಕಣ್ಣು ಕೆಂಡವಾಗಿತ್ತು. ಡಾಕ್ಟರ ಹತ್ತಿರ ಹೋಗಬೇಕು ಎಂದರೆ ಮಂಡ್ಯಕ್ಕೆ ಹೋಗಬೇಕು. ಆದರೆ ನಮ್ಮ ಬೀದಿಯಲ್ಲಿ ಕಣ್ಣಿಗೆ ಏನಾದರೂ ಮದ್ದು ಒಂದೇ: ನಂದಿಬಟ್ಟಲು ಹೂವು. ತಂಪು, ಕೆಂಪು ಎಳೆದುಬಿಡುತ್ತದೆ. ಅವ್ವ ಬೆಳಗಿನ ಹೊತ್ತು ಹಿತ್ತಿಲಿಗೆ ಹೋಗಿ ಇಬ್ಬನಿ ಇರುವಾಗಲೇ ಹೂವು ಬಿಡಿಸಿ ತಂದು, ಅಪ್ಪನ ಕಣ್ಣಿನ ಮೇಲಿಟ್ಟು, ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಎಂಟು ದಿನ ಕಟ್ಟಿದಳು. ಒಂಬತ್ತನೆಯ ದಿನ ಕೆಂಪು ಹೋಗಿತ್ತು. ಬಟ್ಟೆ ಬಿಚ್ಚಿದಾಗ ಅಪ್ಪ ನಮ್ಮಿಬ್ಬರನ್ನೂ ನೋಡಿ ನಕ್ಕ. ‘ನೋಡ್ದಾ ನಿಮ್ಮವ್ವನ ಕೈಗುಣ’ ಎಂದ. ಅವ್ವ ಆ ದಿನ ಹೂವಿನ ಗಿಡಕ್ಕೆ ಅರಿಶಿನ ಕುಂಕುಮ ಇಟ್ಟಳು.

ಹದಿನೈದು ದಿನ ಕಳೆದಿರಬೇಕು. ಅಪ್ಪ ಊಟಕ್ಕೆ ಕೂತು ನಿಂಬೆಹಣ್ಣು ಕೇಳಿದ. ನಾನು ಅವನ ಬಲಗಡೆಯ ಗೂಡಿನ ಹತ್ತಿರ ನಿಂತಿದ್ದೆ, ಅಲ್ಲಿಂದಲೇ ಎಸೆದೆ. ಅಪ್ಪ ಕೈ ಎತ್ತಲೇ ಇಲ್ಲ. ನಿಂಬೆಹಣ್ಣು ಅವನ ಕಿವಿಗೆ ಬಡಿದು ಉರುಳಿತು. ನಾನು ಹುಟ್ಟಿದಾಗಿನಿಂದ ಅಪ್ಪ ಬಿಟ್ಟದ್ದನ್ನು ನೋಡಿರಲಿಲ್ಲ. ಅವನು ಕಿವಿ ಉಜ್ಜಿಕೊಳ್ಳುತ್ತಾ, ‘ಏನೋ ಗ್ಯಾನದಲ್ಲಿದ್ದೆ’ ಅಂದ. ಮಾರನೆಯ ದಿನ ನಾನು ಬೇಕೆಂದೇ ಬಲಗಡೆಯಿಂದ ಒಂದು ಈರುಳ್ಳಿ ಎಸೆದೆ, ಮೆಲ್ಲಗೆ. ಅದೂ ಭುಜಕ್ಕೆ ಬಡಿದು ಬಿತ್ತು. ಅವನು ತಿರುಗಿ ನನ್ನನ್ನು ನೋಡಿದ. ಎಡಗಣ್ಣು ನನ್ನನ್ನು ನೋಡುತ್ತಿತ್ತು; ಬಲಗಣ್ಣು ನನ್ನ ಕಡೆ ಇತ್ತು, ಅಷ್ಟೇ. ಅವ್ವ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅಪ್ಪ ಬೆರಳನ್ನು ತುಟಿಯ ಮೇಲೆ ಇಡಲಿಲ್ಲ, ಯಾರಿಗೂ ಹೇಳಬೇಡ ಎನ್ನಲಿಲ್ಲ. ಈರುಳ್ಳಿ ಎತ್ತಿ ನನ್ನ ಕಡೆ ಎಸೆದ. ನಾನು ಹಿಡಿದೆ, ಅವನ ಎಡಗಡೆಗೆ ಬಂದು ನಿಂತು ತಿರುಗಿ ಎಸೆದೆ. ಅವನು ಹಿಡಿದ. ನಮ್ಮ ಒಪ್ಪಂದ ಅಷ್ಟರಲ್ಲೇ ಆಗಿಹೋಯಿತು.

ಅವನು ಯಾಕೆ ಮುಚ್ಚಿಟ್ಟ ಎನ್ನುವುದು ನನಗೆ ಆಗಲೂ ಗೊತ್ತಿತ್ತು. ಒಕ್ಕಣ್ಣಿನವನನ್ನು ಯಾವ ಮೇಸ್ತ್ರಿಯೂ ಲಾರಿ ಹತ್ತಿಸುವುದಿಲ್ಲ. ಆ ನಡುವಿನ ಜಾಗ ಹೋದರೆ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು. ಇನ್ನು ಅವ್ವನಿಗೆ ಗೊತ್ತಾದರೆ ಅವಳೇ ಅವನನ್ನು ಇಳಿಸುತ್ತಾಳೆ. ಅಪ್ಪ ಮಾರುಕಟ್ಟೆಯಲ್ಲಿ ತನ್ನ ಜಾಗವನ್ನು ಹೇಗೋ ತಿರುಗಿಸಿಕೊಂಡ. ರಾಶಿ ಯಾವಾಗಲೂ ತನ್ನ ಎಡಕ್ಕೆ ಬರುವಂತೆ ಲಾರಿ ನಿಲ್ಲಿಸಲು ಡ್ರೈವರಿಗೆ ಹೇಳುತ್ತಿದ್ದ. ಮನೆಯಲ್ಲಿ ಮತ್ತು ದಾರಿಯಲ್ಲಿ ಅವನ ಬಲಗಡೆ ನನ್ನದು. ಊಟಕ್ಕೆ ಅವನ ಬಲಕ್ಕೆ ನಾನು ಕೂರುತ್ತಿದ್ದೆ. ರಸ್ತೆಯಲ್ಲಿ ಅವನ ಬಲಕ್ಕೆ ನಾನು ನಡೆಯುತ್ತಿದ್ದೆ. ಗೆಜ್ಜಲಗೆರೆಯ ಫ್ಯಾಕ್ಟರಿ ಬಸ್ಸು ಹಾರನ್ ಹೊಡೆಯುವ ಮೊದಲೇ ಅವನ ತೋಳು ಒತ್ತುತ್ತಿದ್ದೆ. ನೆಂಟರು ಬಲಗಡೆಯಿಂದ ಕಾಫಿ ಲೋಟ ಚಾಚಿದರೆ ನಾನು ಮಧ್ಯೆ ಕೈ ಹಾಕಿ ಈಸಿಕೊಳ್ಳುತ್ತಿದ್ದೆ. ‘ಎಷ್ಟ್ ಆತುರಾನವ್ವ ಈ ಮಗೀಗೆ’ ಎಂದು ಅವರು ಆಡಿಕೊಳ್ಳುತ್ತಿದ್ದರು. ಹೀಗೆ ಹೆಚ್ಚುಕಡಿಮೆ ಒಂದು ವರ್ಷ. ನನಗೆ ಅದು ಕಷ್ಟ ಅನ್ನಿಸಲೇ ಇಲ್ಲ. ಇಡೀ ಮದ್ದೂರಿನಲ್ಲಿ ಅಪ್ಪನಿಗೂ ನನಗೂ ಮಾತ್ರ ಗೊತ್ತಿದ್ದ ಒಂದು ಸಂಗತಿ ಅದು, ಅದರ ಹೆಮ್ಮೆಯಲ್ಲಿ ನಾನು ತೇಲುತ್ತಿದ್ದೆ.

ಆಗ ಸ್ಟೆಲ್ಲಾ ಮಿಸ್ಸು ಬೆಂಗಳೂರಿನ ಸ್ಪೋರ್ಟ್ಸ್ ಹಾಸ್ಟೆಲಿನ ಸುದ್ದಿ ತಂದರು. ಊಟ, ಓದು, ಆಟ ಎಲ್ಲ ಅಲ್ಲಿಯೇ. ಮಳವಳ್ಳಿಯಲ್ಲಿ ನಡೆಯುವ ಪಂದ್ಯ ನೋಡಿ ಹುಡುಗಿಯರನ್ನು ಆರಿಸುತ್ತಾರೆ. ‘ನೀನು ಗ್ಯಾರಂಟಿ’ ಎಂದರು. ನನ್ನ ಎದೆ ಹಾರಿತು, ಆ ಕೂಡಲೇ ಕೆಳಗೆ ಬಿತ್ತು. ನಾನು ಹೋದರೆ ಅಪ್ಪನ ಬಲಗಡೆಗೆ ಯಾರು? ಇದನ್ನು ಹೇಳುವಂತಿರಲಿಲ್ಲ. ಅವ್ವ ಕಳಿಸುವುದಿಲ್ಲ ಮಿಸ್ ಎಂದು ಸುಳ್ಳು ಹೇಳಿಬಿಟ್ಟೆ. ಮಿಸ್ಸು ಬಿಡುವವರೇ? ಸಂಜೆಗೆ ಮನೆಗೇ ಬಂದರು. ನಾನು ನಡುಮನೆಯ ಕಂಬಕ್ಕೆ ಅಂಟಿಕೊಂಡು ನಿಂತೆ, ನನ್ನ ಸುಳ್ಳು ಬಯಲಾಗುವುದಕ್ಕೆ ಕಾಯುತ್ತಾ.

“ಯಾಕಮ್ಮ, ಮಗಳನ್ನ ಕಳ್ಸಲ್ಲ ಅಂದ್ರಂತೆ? ಇಂಥ ಕೈ ನಾನು ನಮ್ಮೂರಲ್ಲೂ ನೋಡಿಲ್ಲ.”

ಅವ್ವ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮಿಸ್ಸಿಗೆ ಕಾಫಿ ಕೊಟ್ಟು ಹೇಳಿದಳು:

“ಊ ಕಣಮ್ಮ, ನಾನೇ ಬ್ಯಾಡ ಅಂದೆ. ಇರೋಳು ಒಬ್ಳೇ ಮಗ್ಳು.”

ನನಗೆ ದಿಗ್ಭ್ರಮೆಯಾಯಿತು. ನನ್ನ ಜೊತೆ ಹಾಸ್ಟೆಲಿನ ಮಾತೇ ಆಡಿರದ ಅವ್ವ, ನಾನು ಹೊರಿಸಿದ ಅಪವಾದವನ್ನು ಕೇಳಿ ಪಡೆದವಳಂತೆ ಹೊತ್ತುಕೊಂಡಳು. ಸುದ್ದಿ ತಿಳಿದು ಅಪ್ಪ ಅವ್ವನ ಮೇಲೆ ಹಾರಾಡಿದ. ಮಗಳ ಅನ್ನಕ್ಕೆ ಕಲ್ಲು ಹಾಕುತ್ತೀಯಾ ಎಂದ, ಮುದ್ದೆ ಮುಟ್ಟದೆ ಎದ್ದ. ಅವ್ವ ಅವನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಇವಳ ಆಟವನ್ನು ನಾನೇ ನೋಡುತ್ತೇನೆ, ಆಮೇಲೆ ತೀರ್ಮಾನ ಎಂದು ಅಪ್ಪ ಹಟ ಹಿಡಿದು, ಕಣ್ಣು ಕಟ್ಟಿದ್ದ ಆ ಎಂಟು ದಿನ ಬಿಟ್ಟರೆ ಜೀವನದಲ್ಲೇ ಮೊದಲ ಸಲ ಕೆಲಸಕ್ಕೆ ರಜೆ ಹಾಕಿ, ನಮ್ಮ ಜೊತೆ ಮಳವಳ್ಳಿಗೆ ಬಂದ.

ಮೈದಾನದಲ್ಲಿ ಅವನು ನನ್ನ ಗೋಲಿನ ಹಿಂದೆಯೇ, ಟವೆಲ್ಲನ್ನು ತಲೆಗೆ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತ. ಎಡಗಣ್ಣಿಗೆ ಎಲ್ಲ ಕಾಣಬೇಕಾದ್ದರಿಂದ ಮುಖವನ್ನು ಓರೆ ಮಾಡಿಕೊಂಡಿದ್ದ. ಮೊದಲ ಅರ್ಧ ನಾನು ಬಂದದ್ದನ್ನೆಲ್ಲ ಈಸಿಕೊಂಡೆ. ಹಿಂದಿನಿಂದ ಅವನು ಮೆಲ್ಲಗೆ ಎಣಿಸುವುದು ಕೇಳುತ್ತಿತ್ತು: ಲಾಭ, ಎರಡು, ಮೂರು. ಎರಡನೆಯ ಅರ್ಧದಲ್ಲಿ ಆ ಕಡೆಯ ಎರಡು ಜಡೆಯ ಹುಡುಗಿ ನನ್ನ ಎಡಕ್ಕೆ ಒಂದು ಹೊಡೆದಳು, ಗೋಲಾಯಿತು. ಏನೂ ಜೋರಾದ ಹೊಡೆತವಲ್ಲ, ಉರುಳಿಕೊಂಡು ಹೋದದ್ದು. ಐದು ನಿಮಿಷ ಬಿಟ್ಟು ಅದೇ ಹುಡುಗಿ, ಅದೇ ಎಡಕ್ಕೆ, ಇನ್ನೊಂದು. ನನಗೆ ಅರ್ಥವೇ ಆಗಲಿಲ್ಲ. ಗೋಲಿನ ನಡುವೆ ನಿಂತಿದ್ದೇನೆ ಎಂದೇ ನಾನು ತಿಳಿದಿದ್ದೆ. ತಿರುಗಿ ನೋಡಿದರೆ ಎಡಗಂಬ ದೂರದಲ್ಲಿತ್ತು, ಬಲಗಂಬ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ನಾನು ನನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಬಲಕ್ಕೆ ಸರಿದು ನಿಲ್ಲುತ್ತಿದ್ದೆ. ಒಂದು ವರ್ಷ ಬಲಗಡೆಯನ್ನೇ ಕಾದು ಕಾದು, ಅಪಾಯ ಬರುವುದು ಬಲದಿಂದಲೇ ಎಂದು ನನ್ನ ಮೈ ಕಲಿತುಬಿಟ್ಟಿತ್ತು. ಗೋಲಿನ ಬಲೆಯ ಹಿಂದೆ ಅಪ್ಪ ಎದ್ದು ನಿಂತಿದ್ದ. ಎಣಿಸುವುದು ನಿಲ್ಲಿಸಿದ್ದ.

ಎರಡು ಗೋಲಿನಿಂದ ಸೋತೆವು. ಆದರೂ ಆರಿಸುವವರು ನನ್ನ ಹೆಸರು ಬರೆದುಕೊಂಡರು ಎಂದು ಮಿಸ್ಸು ಹೇಳಿದರು. ವಾಪಸು ಬರುವ ಬಸ್ಸಿನಲ್ಲಿ ನಾನು ಅಭ್ಯಾಸದಂತೆ ಅಪ್ಪನ ಬಲಕ್ಕೆ ಕೂರಲು ಹೋದೆ. ಅವನು ನನ್ನ ರಟ್ಟೆ ಹಿಡಿದು ಎಡಕ್ಕೆ ಕೂರಿಸಿದ.

“ಎಡಗಡೆ ಯಾಕ್ ಬುಟ್ಟೆ ಮಗ?”

“ಗೊತ್ತಿಲ್ಲ ಅಪ್ಪ.”

“ನಂಗೊತ್ತು.”

ನಡುದಾರಿಯ ದೊಡ್ಡಿ ಊರು ಬಂತು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಆಮೇಲೆ ಕಿಟಕಿಯ ಆಚೆ ನೋಡುತ್ತಾ, ‘ನನ್ ಕಣ್ಣ ಕಾಯಕ್ಕೋಗಿ ನಿನ್ ಗೋಲ ಬುಟ್ಟೆ’ ಎಂದ.

ಮನೆ ತಲುಪಿದಾಗ ಅವ್ವ ಮುದ್ದೆ ತಿರುವುತ್ತಿದ್ದಳು. ಅಪ್ಪ ಕೈಕಾಲು ತೊಳೆಯಲಿಲ್ಲ, ಟವೆಲು ಒದರಲಿಲ್ಲ, ನೇರವಾಗಿ ಅಡುಗೆಮನೆಗೆ ಹೋಗಿ ಅವಳ ಎದುರು ಕೂತ. ಗೂಡಿನಿಂದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟು, ತನ್ನ ಬಲಗಡೆಗೆ ಹೋಗಿ ನಿಲ್ಲು ಎಂದ.

“ಎಸಿ.”

“ಬ್ಯಾಡ ಅಪ್ಪ.”

“ನಿಮ್ಮವ್ವ ನೋಡ್ಲಿ. ಎಸಿ ಅಂದ್ನಲ್ಲ.”

ಎಸೆದೆ. ಅದು ಅವನ ಕೆನ್ನೆಗೆ ಬಡಿದು, ಬಿದ್ದು, ರಾಗಿ ತುಂಬಿಡುವ ಮಣ್ಣಿನ ವಾಡೆಯ ಕೆಳಗೆ ಉರುಳಿಕೊಂಡು ಹೋಯಿತು. ಅಪ್ಪ ಅಲುಗಾಡಲಿಲ್ಲ. ಅವ್ವ ಮುದ್ದೆಕೋಲನ್ನು ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಮಗೀನ್ ಕೈಲಿ ಯಾಕಂಗ್ ಮಾಡ್ಸೀಯೆ? ನಂಗೊತ್ತಿಲ್ವಾ? ಒಂದೊರ್ಸದಿಂದ ನಿನ್ ನೀರ್ ಚೊಂಬ ಯಾವ್ ಕಡೆ ಮಡುಗ್ತಿವ್ನಿ, ನೋಡಿದ್ದೀಯಾ?”

ನಾವಿಬ್ಬರೂ ನೋಡಿದೆವು. ಚೊಂಬು ಎಡಕ್ಕಿತ್ತು. ಉಪ್ಪಿನ ಬಟ್ಟಲು ಎಡಕ್ಕಿತ್ತು. ಗೋಡೆಯ ಗೂಟದಲ್ಲಿ ಅವನ ಟವೆಲು ಎಡಕ್ಕಿತ್ತು. ಅದು ಮೊದಲು ಬಲದ ಗೂಟದಲ್ಲಿರುತ್ತಿತ್ತು. ದಿನಾ ಅದೇ ಮನೆಯಲ್ಲಿ ಓಡಾಡುವ ನಾನು, ಯಾವ ಚೆಂಡು ಎಲ್ಲಿಂದ ಬರುತ್ತದೆ ಎಂದು ಮೊದಲೇ ಹೇಳಬಲ್ಲವಳು ಎಂದು ಬೀಗುತ್ತಿದ್ದ ನಾನು, ಇದನ್ನು ನೋಡಿಯೇ ಇರಲಿಲ್ಲ.

“ಮತ್ತೆ ಯೋಳ್ಬಾರ್ದಾಗಿತ್ತಾ?” ಎಂದ ಅಪ್ಪ.

“ಏನಂತ ಯೋಳಾನ? ಎಂಟ್ ದಿನ ಊ ಕಟ್ಟಿ ಕಣ್ ಕಳ್ದೋಳು ನಾನೇಯ ಅಂತ್ಲಾ? ಅದೂ ಅಲ್ದೆ ನಿನ್ ಲಾರಿ ಜಾಗ ಓದ್ರೆ ನೀನ್ ಬದುಕ್ತೀಯಾ? ಈ ಮಗೀಗೂ ಗೊತ್ತು ಅಂತ ನಂಗ್ ಗೊತ್ತಾಗೋಯ್ತು. ಮಿಸ್ಸಮ್ಮ ಬಂದ್ ದಿನ ಅದ್ರ ಮೊಕ ನೋಡ್ದೆ. ನಿನ್ ಬುಟ್ಟು ಓಗಾಕಿಲ್ಲ ಇದು. ಅದ್ಕೇ ನಾನೇ ಬ್ಯಾಡ ಅಂದೆ ಅಂದೆ, ಬೈಯೋರು ನನ್ನೇ ಬೈಯ್ಲಿ ಅಂತ.”

ಮುದ್ದೆ ಸೀಯುವ ವಾಸನೆ ಬಂತು. ಅವ್ವ ಅಳುತ್ತಿದ್ದಳು, ಕೋಲು ತಿರುವುತ್ತಲೇ ಇದ್ದಳು. ಅಪ್ಪ ಎದ್ದು ಹೋಗಿ ಆ ಕೋಲನ್ನು ಅವಳ ಕೈಯಿಂದ ಈಸಿಕೊಂಡು ಪಾತ್ರೆ ಇಳಿಸಿದ. ಮೂರು ಜನ ಒಂದೇ ಗುಟ್ಟನ್ನು ಒಬ್ಬರಿಂದ ಒಬ್ಬರು ಒಂದು ವರ್ಷ ಬಚ್ಚಿಟ್ಟಿದ್ದೆವು. ಆ ಸೀದ ಮುದ್ದೆಯನ್ನೇ ಮೂವರೂ ತಿಂದೆವು, ಅಪ್ಪ ನಡುವೆ ಕೂತ.

ಮಾರನೆಯ ದಿನ ಅಪ್ಪ ತಾನಾಗಿ ಮೇಸ್ತ್ರಿಗೆ ಹೇಳಿ ಲಾರಿಯಿಂದ ಇಳಿದ. ಮಂಡ್ಯದ ಕಣ್ಣಿನ ಡಾಕ್ಟರಿಗೂ ತೋರಿಸಿದೆವು, ಕಾಲ ಮೀರಿತ್ತು. ಮೇಸ್ತ್ರಿ ಒಳ್ಳೆಯವನು, ಕಾಯಿಗಳನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಎಳೆಯದು ಯಾವುದು, ಗಂಜಿ ಕಟ್ಟಿದ್ದು ಯಾವುದು ಎಂದು ಬೇರೆ ಮಾಡುವ ಕೆಲಸಕ್ಕೆ ಕೂರಿಸಿದ. ಅಪ್ಪನ ಕಿವಿ ಚುರುಕು, ಅದರಲ್ಲೂ ಹೆಸರು ಮಾಡಿದ. ಆದರೆ ಕೂತು ಮಾಡುವ ಕೆಲಸ ಅವನದಾಗಿರಲಿಲ್ಲ. ನಾನು ಹಾಸ್ಟೆಲಿಗೆ ಹೊರಡುವ ಹಿಂದಿನ ಸಂಜೆ ಮಾರುಕಟ್ಟೆಗೆ ಹೋದಾಗ ಅವನು ಗೋಣಿಯ ಮೇಲೆ ಕೂತಿದ್ದ, ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಲಾರಿಯ ಮೇಲೆ ಇನ್ಯಾರೋ ‘ಲಾಭ’ ಎಂದು ಕೂಗುವುದನ್ನು ಕೇಳುತ್ತಾ. ನನಗೆ ದಾರಿ ಬಿಡಲು ಅವನು ಆ ಲಾರಿಯಿಂದ ಇಳಿದಿದ್ದ. ಈ ಮಾತನ್ನು ನಾನು ಯಾವ ಸನ್ಮಾನದಲ್ಲೂ ಹೇಳಲಿಲ್ಲ.

ಹಾಸ್ಟೆಲಿನಲ್ಲಿ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಮೊದಲ ತಿಂಗಳು ನಾನು ಅತ್ತದ್ದು ಅದಕ್ಕೆ ಎಂದರೆ ಯಾರು ನಂಬುತ್ತಾರೆ? ಮೈದಾನದಲ್ಲಿ ಚೆಂಡು ಎದೆಗೆ ಬಂದಾಗ ಮಾತ್ರ ಮನೆಯಲ್ಲಿದ್ದ ಹಾಗಾಗುತ್ತಿತ್ತು. ಎಡಗಂಬ ಎಲ್ಲಿದೆ ಎಂದು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಅಲ್ಲಿಂದ ಶುರುವಾದದ್ದು. ಕಡೆಯ ಪಂದ್ಯದವರೆಗೂ ಬಿಡಲಿಲ್ಲ. ನನಗೆ ಕೆಲಸ ಕೊಟ್ಟ ಇಲಾಖೆಯ ತಂಡಕ್ಕೆ ಆಡಿದೆ, ಕೋಲ್ಕತ್ತದ ಕೆಸರಿನಲ್ಲಿ, ಗೋವಾದ ಮರಳಿನಲ್ಲಿ ಆಡಿದೆ, ನಾಲ್ಕು ಬೆರಳು ಮುರಿದುಕೊಂಡೆ. ಪ್ರತಿ ಪಂದ್ಯದ ಮೊದಲ ಚೆಂಡಿಗೆ ತುಟಿಯೊಳಗೆ ‘ಲಾಭ’ ಅಂದೆ. ಜೊತೆಯವರು ಅದನ್ನು ಯಾವುದೋ ದೇವರ ಹೆಸರು ಎಂದುಕೊಂಡಿದ್ದರು. ಊರಿಗೆ ಬಂದಾಗ ಅಪ್ಪ ಬೀದಿಯ ತಿರುವಿನಲ್ಲಿ ನಿಂತು, ಬ್ಯಾಗು ಇಳಿಸುವುದಕ್ಕೂ ಬಿಡದೆ ಏನಾದರೂ ಎಸೆಯುತ್ತಿದ್ದ. ‘ಎಸಿಯಾಕೆ ಒಂದ್ ಕಣ್ ಸಾಕು, ಈಸ್ಕೊಳ್ಳಾಕೆ ಎಲ್ಡು ಬೇಕು’ ಅನ್ನುತ್ತಿದ್ದ. ನಾನು ಹಿಡಿದದ್ದನ್ನು ಮತ್ತೆ ಎಸೆಯದೆ, ನಡೆದು ಹೋಗಿ ಅವನ ಕೈಗೆ ಕೊಡುತ್ತಿದ್ದೆ. 

ಅಪ್ಪ ಹೋಗಿ ಆರು ವರ್ಷವಾಯಿತು. ನಾನು ಆಟ ಬಿಟ್ಟು ಮದ್ದೂರಿಗೇ ಬಂದಿದ್ದೇನೆ, ದಿನಾ ಸ್ಕೂಟರಿನಲ್ಲಿ ಮಂಡ್ಯಕ್ಕೆ ಹೋಗಿ ಹೆಣ್ಣುಮಕ್ಕಳಿಗೆ ಗೋಲು ಕಾಯುವುದು ಹೇಳಿಕೊಡುತ್ತೇನೆ. ಮನೆಗೆ ಹೆಂಚು ತೆಗೆದು ಮೋಲ್ಡು ಹಾಕಿಸಿದ್ದೇವೆ. ಆದರೆ ಬಾಗಿಲುಗಳು ಈಗಲೂ ಒಂದೇ ಸಾಲಿಗಿವೆ. ಅವ್ವನೂ ನಾನೂ ಇದ್ದೇವೆ. ಏನು ಬೇಕಾದರೂ ಎದ್ದು, ನಡೆದು ಹೋಗಿ, ಅವಳ ಕೈಗೆ ಕೊಡುತ್ತೇನೆ. ಅವಳ ಪದ್ಧತಿಯನ್ನು ಈಗಲಾದರೂ ಪೂರ್ತಿ ಪಾಲಿಸೋಣ ಎಂದು. ಮನೆಯಲ್ಲಿ ಎಂಥ ಮೌನ ಎಂದರೆ, ಕೆಲವು ದಿನ ನಾನೇ ಬೇಕೆಂದು ಪಾತ್ರೆ ಸದ್ದು ಮಾಡುತ್ತೇನೆ.

ಹೋದ ವಾರ, ಬೆಳಗಿನ ಹೊತ್ತು, ಅವ್ವ ಹಿತ್ತಿಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಎರಡು ಈರುಳ್ಳಿ ತಾ ಎಂದಳು. ನಾನು ನಡುಮನೆಯ ಬುಟ್ಟಿಯಿಂದ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟಿದ್ದೆ.

“ಅಲ್ಲೇ ನಿಂತ್ಕೊ. ಏನ್ ದಿನಾ ತಂದ್ ತಂದ್ ಕೊಡ್ತೀಯೆ? ಎಸಿ ಅತ್ಲಾಗೆ. ಮನೆ ಬಿಕೋ ಅಂತದೆ ಕಣವ್ವ.”

“ನಿಂಗೆ ಈಸ್ಕೊಳ್ಳಾಕ್ ಬತ್ತದಾ ಅವ್ವ?”

“ನಲ್ವತ್ತೊರ್ಸ ನೋಡಿವ್ನಿ. ಸಿಪ್ಪೆ ಅದೆ ತಾನೇ? ಎಸಿ.”

ಅಭ್ಯಾಸಬಲದಿಂದ ಒಂದನ್ನು ಅವಳ ಎಡಕ್ಕೆ, ಮೆಲ್ಲಗೆ ಎಸೆದೆ. ಅವ್ವ ಕೈ ಎತ್ತಲಿಲ್ಲ. ಎರಡು ಕೈಯಲ್ಲಿ ಸೆರಗು ಹಿಡಿದು ಮಡಿಲು ಒಡ್ಡಿದಳು. ಈರುಳ್ಳಿ ಅದರೊಳಗೆ ಬೀಳುವಾಗ ಸೆರಗು ಒಂದು ಗೇಣು ಹಿಂದಕ್ಕೆ ಹೋಯಿತು, ಅಪ್ಪ ಹೇಳುತ್ತಿದ್ದಂತೆಯೇ. ಒಂಚೂರೂ ಸದ್ದಾಗಲಿಲ್ಲ.

“ಲಾಭ” ಎಂದಳು ಅವ್ವ. ಆಮೇಲೆ ಎರಡನೆಯದಕ್ಕೆ ಸೆರಗು ಒಡ್ಡಿಕೊಂಡೇ ಕೂತಳು.